ಅಂಕಮ್ಮನ ಒಲೆಯ ಹೊಗೆ

ಅಂಕಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ? ನಾನು ಯೋಗಾನರಸಿಂಹ, ಮಂಡ್ಯದಲ್ಲಿ ಓದಿದವನು, ಶಾಲೆಯ ಹೆಡ್‌ಮಾಸ್ಟರು. ಅವಳು ಅದೇ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಬೇಯಿಸುವವಳು, ಹೆಬ್ಬೆಟ್ಟು. ಆದರೂ ಮಳೆಗಾಲದಲ್ಲಿ ಶಾಲೆ ನಡೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದವಳು ಅವಳೇ.

ಎಪ್ಪತ್ತಾರರಲ್ಲಿ ನನಗೆ ಹಲಗೂರಿನಿಂದಾಚೆಯ ಆ ಹಳ್ಳಿಗೆ ವರ್ಗವಾಯಿತು. ಶಾಲೆ ಹಳ್ಳದ ಈಚೆ ದಂಡೆಯಲ್ಲಿ, ಅರ್ಧದಷ್ಟು ಮಕ್ಕಳ ಮನೆ ಆಚೆ ದಂಡೆಯಲ್ಲಿ. ಸೇತುವೆ ಇಲ್ಲ. ಬೇಸಿಗೆಯಲ್ಲಿ ಪಾದ ನೆನೆಯದೆ ದಾಟಬಹುದಾದ ಆ ಹಳ್ಳ, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಎತ್ತನ್ನೂ ಎಳೆದುಕೊಂಡು ಹೋಗುತ್ತಿತ್ತು.

ಅಂಕಮ್ಮನ ಮನೆಯೂ ಆಚೆಯೇ. ಮದುವೆಯಾಗಿ ಬಂದ ಮೂವತ್ತು ವರ್ಷದಿಂದ ಆ ಹಳ್ಳ ದಾಟುತ್ತಿದ್ದಳು. ಗಂಡ ಮರಿಸಿದ್ದಯ್ಯನ ಕಾಲು ಬಿದ್ದುಹೋದ ಮೇಲೆ ಮನೆ ನಡೆಯುತ್ತಿದ್ದದ್ದು ಇವಳ ದುಡಿಮೆಯಲ್ಲಿ. ಬೆಳಿಗ್ಗೆ ನೀರಿಗಿಳಿದು ಬಣ್ಣ ನೋಡುತ್ತಿದ್ದಳು. ಸಂಜೆಯೊಳಗೆ ಹಳ್ಳ ಏರುತ್ತದೆ ಅನ್ನಿಸಿದರೆ ಶಾಲೆಗೆ ಬರುತ್ತಲೇ ಇರಲಿಲ್ಲ. ಅವಳು ಬರದಿದ್ದರೆ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಹೊಗೆ ಇಲ್ಲ. ಆಚೆ ದಂಡೆಯ ಮಕ್ಕಳು ಚೀಲ ಹೊತ್ತು ಹಳ್ಳದವರೆಗೆ ಬಂದು, ನಮ್ಮ ಅಡುಗೆಮನೆಯ ಕಡೆ ಒಮ್ಮೆ ಕತ್ತೆತ್ತಿ ನೋಡಿ, ಹೊಗೆ ಕಾಣದಿದ್ದರೆ ಕುಣಿಯುತ್ತಾ ಮನೆಗೆ ತಿರುಗುತ್ತಿದ್ದವು. ಈಚೆಯ ಮಕ್ಕಳೂ "ಒಗೆ ಬಂದಿಲ್ಲ ಸಾ" ಎಂದು ನನಗೇ ಪಾಠ ಹೇಳುತ್ತಿದ್ದವು.

"ಹೊಗೆ ಇಲ್ಲ ಸಾರ್, ಇವತ್ತು ಹಾಜರಿ ಬರೋದಿಲ್ಲ ಬಿಡಿ" ಎಂದು ನಮ್ಮ ಸಹಾಯಕ ಮೇಷ್ಟರು ಮೆಹಬೂಬ್ ಪಾಷಾ ಕೂಡ ಆರಾಮಾಗಿ ಛತ್ರಿ ಮಡಿಸುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ರಜೆ ಕೊಡಬೇಕಾದರೆ ನಾನು ಮಳವಳ್ಳಿಯ ಕಚೇರಿಗೆ ಬರೆದು ಕಾರಣ ತಿಳಿಸಿ ಕೈಕಟ್ಟಿ ಕಾಯಬೇಕು. ಇವಳು ಒಂದು ಕಡ್ಡಿ ಗೀರದಿದ್ದರೆ ಸಾಕು!

ಇದಕ್ಕಿಂತ ಉರಿಸಿದ ಸಂಗತಿ ಇನ್ನೊಂದಿತ್ತು. ಮಕ್ಕಳು ಅವಳಿಗೆ ಸೀಬೆಹಣ್ಣು ತಂದು ಕೊಡುತ್ತಿದ್ದವು, ನನಗೆ ರಜಾ ಚೀಟಿ. "ಲೇ ತಿಮ್ಮಯ್ಯನ ಮಗ್ನೇ, ತಟ್ಟೆ ತೊಳ್ದ್ಯೇನ್ಲಾ?" ಎಂದು ಅವಳು ಒಂದು ಸಲ ಕೂಗಿದರೆ ಹತ್ತು ತಟ್ಟೆ ತೊಳೆದಿರುತ್ತಿದ್ದವು. ನಾನು ಮಗ್ಗಿ ಒಪ್ಪಿಸಿ ಎಂದು ಹತ್ತು ಸಲ ಕೂಗಿದರೂ ಎಲ್ಲ ಕಿಟಕಿಯ ಹೊರಗೇ ನೋಡುತ್ತಿದ್ದವು.

ಮರುವರ್ಷ ಜುಲೈಯಲ್ಲಿ ನಾನು ಒಂದು ಆಜ್ಞೆ ಬರೆದೆ. ಹವಾಮಾನ ಹೇಗೇ ಇರಲಿ, ಅಡುಗೆಯವರು ಪ್ರತಿದಿನ ಒಂಬತ್ತರೊಳಗೆ ಒಲೆ ಹಚ್ಚತಕ್ಕದ್ದು. ತಪ್ಪಿದರೆ ಬೇರೆಯವರನ್ನು ನೇಮಿಸಲಾಗುವುದು. ಅಡುಗೆಮನೆಯ ಬಾಗಿಲಿಗೆ ನಾನೇ ಅಂಟಿಸಿದೆ. ಓದಲು ಬಾರದವಳಿಗೆ ಪಾಷಾ ಓದಿ ಹೇಳಿದರು. "ಆಯ್ತು ಬುಡಿ" ಅಂದಳಷ್ಟೆ. ಅವತ್ತು ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು. ಒಂದು ಟ್ರಾನ್ಸಿಸ್ಟರ್ ತಂದು ಮೇಜಿನ ಮೇಲಿಟ್ಟೆ. ಮಳೆಯ ವಿಚಾರ ಇನ್ನು ಇದು ಹೇಳಲಿ, ಅವಳ ಒಲೆಯಲ್ಲ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಹೊಗೆ ಚೆನ್ನಾಗಿಯೇ ಎದ್ದಿತ್ತು, ಮಕ್ಕಳೆಲ್ಲ ದಾಟಿ ಬಂದಿದ್ದವು. ಪ್ರಾರ್ಥನೆ ಮುಗಿಯುತ್ತಲೇ ಅಂಕಮ್ಮ ಬಾಗಿಲಲ್ಲಿ ನಿಂತಳು.

"ನೀರು ಕೆಂಪಾಗ್ಬುಟ್ಟದೆ ಮೇಷ್ಟ್ರೇ. ಮೇಲ್ಕೆರೆ ತುಂಬ್ಕಂಡದೆ. ಇನ್ನೊಂದ್ ಮಳೆ ಉಯ್ದ್ರೆ ಕೋಡಿ ಬಿದ್ದೋಯ್ತದೆ. ಮಧ್ಯಾನ್ನಕ್ಕೇ ಆಚೆಕಡೆ ಐಕ್ಳ ಬುಟ್ಬುಡಿ."

ಹೊರಗೆ ಬಿಸಿಲು ಹೊಡೆಯುತ್ತಿತ್ತು. ಒಂದೆರಡು ಕಡೆ ಮಳೆಯಾಗಬಹುದು ಎಂದು ರೇಡಿಯೋ ಹೇಳಿತ್ತು. ಆ ಒಂದೆರಡು ಕಡೆಯಲ್ಲಿ ನಮ್ಮ ಊರು ಇಲ್ಲ ಎಂದು ತೀರ್ಮಾನಿಸಿದವನು ನಾನು. ಅದೇ ಮಾತನ್ನು ಪಾಷಾ ಹೇಳಿದ್ದರೆ ಬಿಡುತ್ತಿದ್ದೆನೋ ಏನೋ. ಅವಳು ಹೇಳಿದ್ದರಿಂದಲೇ ಬಿಡಲಿಲ್ಲ.

"ಶಾಲೆ ಬಿಡೋದು ನಾಲ್ಕೂವರೆಗೆ. ನಿನ್ನ ಉಪ್ಪಿಟ್ಟು ನೋಡ್ಕೋ ಹೋಗು."

ಮೂರು ಗಂಟೆಗೆ ಮೇಲುಭಾಗದಲ್ಲಿ ಆಕಾಶ ಕಪ್ಪಿಟ್ಟಿತು. ನಾಲ್ಕಕ್ಕೆ ಹಳ್ಳದ ಸದ್ದು ತರಗತಿಯೊಳಗೆ ಕೇಳಿಸಿತು. ಪಾಷಾ ಓಡಿಹೋಗಿ ನೋಡಿ, ತೊಯ್ದು ತೊಪ್ಪೆಯಾಗಿ ಬಂದರು. "ಕೋಡಿ ಬಿದ್ದಿದೆ ಸಾರ್. ಒಂದು ಮಗುವೂ ದಾಟೋ ಹಾಗಿಲ್ಲ." ಆಚೆ ದಂಡೆಯಲ್ಲಿ ಅಪ್ಪ ಅಮ್ಮಂದಿರು ಕೂಗುತ್ತಿದ್ದರು. ತಿಮ್ಮಯ್ಯ ಟವಲು ಬೀಸುತ್ತಿದ್ದ. ಈಚೆ ದಂಡೆಯಲ್ಲಿ ನಲವತ್ತಮೂರು ಮಕ್ಕಳು, ಚಿಕ್ಕವು ಆಗಲೇ ಅಳಲು ಶುರುಮಾಡಿದ್ದವು. ಯಾರೂ ನೀರಿಗೆ ಇಳಿಯಕೂಡದು ಎಂದು ಕೂಗಿದ್ದೊಂದೇ ನನ್ನ ಆಡಳಿತ. ಮುಂದೇನು ಎಂದು ತೋಚಲಿಲ್ಲ.

ಆಗ ಅಡುಗೆಮನೆಯಿಂದ ಎರಡನೇ ಸಲ ಹೊಗೆ ಎದ್ದಿತು.

ಒಳಗೆ ಹೋಗಿ ನೋಡಿದರೆ ಒಣಸೌದೆ ಗೋಡೆಗೆ ಒಟ್ಟಿತ್ತು. ಎರಡು ಹಂಡೆ ನೀರು ತುಂಬಿತ್ತು. ರಾತ್ರಿಗೆ ಬೇಕಾದ ರವೆ ಬೇರೆ ಅಳೆದಿಟ್ಟಿತ್ತು, ಮಕ್ಕಳಿಗೆ ಹಾಸಲು ಖಾಲಿ ಗೋಣಿಚೀಲಗಳನ್ನು ಕೊಡವಿ ಮಡಿಸಿಟ್ಟಿತ್ತು. ಗಂಟೆ ಹೊಡೆಯದೆಯೇ ಮಕ್ಕಳು ಅವಳ ಸುತ್ತ ಸಾಲಾಗಿ ಕೂತವು, ಅಳುವೂ ನಿಂತಿತು. ಕೊನೆಗೆ ನನ್ನ ಮುಂದೆ ಒಂದು ಮುತ್ತುಗದೆಲೆ ಇಟ್ಟಳು. ಅಲ್ಲಿಯವರೆಗೆ ಅವಳ ಕೈಯಡುಗೆ ಮುಟ್ಟಿದವನಲ್ಲ ನಾನು. "ನಿಮ್ಗೂ ಸೇರ್ಸೇ ಅಳ್ದಿದ್ದೆ" ಅಂದಳು. ತಿಂದೆ. ರುಚಿಯಾಗಿತ್ತು, ಅದಕ್ಕೂ ಕೋಪ ಬಂತು.

ಬೆಳಗಾಗುವಷ್ಟರಲ್ಲಿ ಹಳ್ಳ ಇಳಿದು ಮಕ್ಕಳು ಮನೆ ಸೇರಿದವು.

ವಾರದ ಮೇಲೆ ಮಳವಳ್ಳಿಯಿಂದ ಸಾಹೇಬರು ಬಂದರು. ಮಕ್ಕಳನ್ನು ಹಳ್ಳಕ್ಕೆ ಬಿಡದೆ ಶಾಲೆಯಲ್ಲೇ ಉಳಿಸಿಕೊಂಡು, ಊಟ ಹಾಸಿಗೆಗೂ ಮೊದಲೇ ಏರ್ಪಾಡು ಮಾಡಿದ್ದಕ್ಕೆ ನನ್ನ ಕೈಕುಲುಕಿ, ದೂರದೃಷ್ಟಿಯುಳ್ಳವರು ಎಂದು ದಾಖಲೆ ಪುಸ್ತಕದಲ್ಲಿ ಬರೆದರು. ಅಂಕಮ್ಮ ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದಳು. ನಾನೂ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅವಳು ಒಂದು ಮಾತು ಜಗಳ ಆಡಿದ್ದರೆ ನನ್ನ ಹೊಟ್ಟೆಕಿಚ್ಚು ಸ್ವಲ್ಪ ತಣ್ಣಗಾಗುತ್ತಿತ್ತು.

ಸಾಹೇಬರು ಹೋದ ಮೇಲೆ ತಡೆಯಲಾಗದೆ ಅಡುಗೆಮನೆಗೆ ಹೋದೆ.

"ಸೌದೆ, ರವೆ ಎಲ್ಲ ಯಾವಾಗ ತೆಗೆದಿಟ್ಟೆ? ನಾನು ಬಿಡಲ್ಲ ಅಂದಮೇಲೋ?"

"ಇಲ್ಲ ಕಣ್ ಮೇಷ್ಟ್ರೇ, ನಿಮ್ಮನ್ನ ಕೇಳಾಕ್ ಮುಂಚೇನೇ. ನಮ್ ಯಜಮಾನ್ರಿಗೆ ರಾತ್ರಿ ಮುದ್ದೆ ಕೊಡವ್ವಾ ಅಂತ ಪಕ್ಕದ್ಮನೆಯೋಳ್ಗೂ ಏಳೇ ಬಂದಿದ್ದೆ."

"ಮಳೆ ಬಂದೇ ಬರುತ್ತೆ ಅಂತ ಅಷ್ಟು ಖಾತ್ರಿ ಇತ್ತಾ ನಿನಗೆ?"

ಅವಳು ಒಲೆ ಊದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮಳೆ ವಿಚಾರ ಯಾರಿಗ್ ಗೊತ್ತು ಮೇಷ್ಟ್ರೇ, ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ನಾನ್ ಬುಡಿ ಅಂದ್ರೆ ನೀವು ಐಕ್ಳ ಬುಡಾಕಿಲ್ಲ ಅನ್ನದು ಗೊತ್ತಿತ್ತು."

ಬಾಗಿಲಿಗೆ ನಾನೇ ಅಂಟಿಸಿದ್ದ ಆಜ್ಞೆಯನ್ನು ಹೊರಡುವಾಗ ನಾನೇ ಕಿತ್ತು ಜೇಬಿಗೆ ಹಾಕಿಕೊಂಡೆ.