ಕೆಟ್ಟ ಯಂತ್ರವೊಂದನ್ನು ಹುಡುಕುತ್ತಾ

ಶಿವಮೊಗ್ಗದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿದವಳೇ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು ಕೂತೆ. ಕಂಡಕ್ಟರು ನೋಡಿ ನಕ್ಕರು. "ಇದು ಪ್ರೈವೇಟ್ ಬಸ್ಸು ಮೇಡಂ. ಫ್ರೀ ಬಸ್ಸಿಗೆ ಕಾಯ್ತಾ ಕೂತ್ರೆ ಅಷ್ಟರೊಳಗೆ ನಿಮ್ಮ ಫಾರಿನ್ ಮೇಡಂಗೆ ಕನ್ನಡ ಬಂದ್ಬಿಡತ್ತೆ" ಎಂದರು. ಇಬ್ಬರಿಗೂ ಟಿಕೆಟ್ ತೆಗೆದುಕೊಂಡೆ.

ಪಕ್ಕದಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದವರು ಯೋಹಾನ್ನಾ. ಆಸ್ಟ್ರಿಯಾದ ಬೆಟ್ಟಗಳ ನಡುವಿನ ಒಂದು ಸಣ್ಣ ಪಟ್ಟಣದಲ್ಲಿ, ವೃತ್ತಿ ಶಿಕ್ಷಣದ ಶಾಲೆಯೊಂದರಲ್ಲಿ ಯಂತ್ರ ರಿಪೇರಿ ಕಲಿಸುವ ಮೇಷ್ಟರಮ್ಮ. ನಾನು ಮೈಸೂರಿನಲ್ಲಿ ಜರ್ಮನ್ ಪಾಠ ಹೇಳುವವಳು. ಈ ಮೂರು ದಿನದ ಮಟ್ಟಿಗೆ ಅವರ ನಾಲಿಗೆ. ಯಂತ್ರಗಳ ವಿಷಯದಲ್ಲಿ ನನ್ನ ಜ್ಞಾನ ಹೇಳಿಕೊಳ್ಳುವಂಥದ್ದಲ್ಲ. ಮನೆಯ ಮಿಕ್ಸಿ ನಿಂತರೆ ಅದರ ನೆತ್ತಿಯ ಮೇಲೆ ಎರಡು ಬಾರಿಸುತ್ತೇನೆ, ಅಷ್ಟೇ.

ನರಸಿಂಹರಾಜಪುರದ ಒಂದು ತರಬೇತಿ ಕೇಂದ್ರವೂ ಯೋಹಾನ್ನಾ ಅವರ ಶಾಲೆಯೂ ಕೈಜೋಡಿಸಿ, ಮನೆ ಮತ್ತು ತೋಟದ ಸಣ್ಣ ಯಂತ್ರಗಳ ರಿಪೇರಿಗೆ ಒಂದು ವರ್ಷದ ಕೋರ್ಸು ನಡೆಸಿದ್ದವು. ಪಾಠದ ಅರ್ಧ ಭಾಗ ಅಲ್ಲಿಂದ ವಿಡಿಯೋದಲ್ಲಿ, ಕೈಕೆಲಸವೆಲ್ಲ ಇಲ್ಲಿ. ಕಲಿತವರು ಹನ್ನೆರಡು ಹೆಣ್ಣುಮಕ್ಕಳು. ಕೊನೆಯದಾಗಿ ಉಳಿದಿದ್ದು ಒಂದೇ ಪರೀಕ್ಷೆ: ಪರರ ಮನೆಯ ಕೆಟ್ಟ ಯಂತ್ರವೊಂದರ ದೋಷವನ್ನು ಒಬ್ಬಳಾದರೂ ಯೋಹಾನ್ನಾ ಅವರ ಕಣ್ಣೆದುರಿಗೇ ಹುಡುಕಿ ಸರಿಮಾಡಬೇಕು. ಮಾಡಿದರೆ ಹನ್ನೆರಡೂ ಮಂದಿಗೆ ಎರಡು ದೇಶಗಳ ಮುದ್ರೆಯಿರುವ ಸರ್ಟಿಫಿಕೇಟು, ಮುಂದಿನ ವರ್ಷ ಮತ್ತೊಂದು ತಂಡ. ಇಲ್ಲವಾದರೆ ಎರಡೂ ಇಲ್ಲ.

ಉಂಬಳೇಬೈಲು ದಾಟಿದ ಮೇಲೆ ಕಾಡಿನ ದಾರಿ. ಮಾರ್ಚ್ ತಿಂಗಳಾದರೂ ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ದಾರಿಯುದ್ದಕ್ಕೂ ತಿರುವುಗಳು. ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿದೆ. ಯೋಹಾನ್ನಾ ಅವರಿಗೆ ಇದು ಲೆಕ್ಕಕ್ಕೇ ಇಲ್ಲ. ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ಅವರು ಮಾಡಿದ್ದು ಎರಡೇ ಕೆಲಸ. ಮರ ನೋಡಿದರು, ಗೇರು ಬದಲಿಸುವ ಸದ್ದು ಕೇಳಿ "ಇವರ ಕ್ಲಚ್ಚು ಸವೆದಿದೆ" ಎಂದು ನನಗೆ ತಿಳಿಸಿದರು.

ಬಸ್ ನಿಲ್ದಾಣದಲ್ಲಿ ಸುಮಿತ್ರಾ ಕಾಯುತ್ತಿದ್ದರು. ಕೋರ್ಸಿನ ಶಿಕ್ಷಕಿ, ನಲವತ್ತರ ಹತ್ತಿರದ ವಯಸ್ಸು, ಸೀರೆಯ ಸೆರಗು ಸೊಂಟಕ್ಕೆ ಬಿಗಿದೇ ಇರುವ ಹೆಂಗಸು. ಬನ್ಸು, ಕಾಫಿ ಕೊಡಿಸಿ, "ನಡೀರಿ, ನಮ್ಮ ವರ್ಕ್‌ಶಾಪು ನೋಡಿ. ಹುಡುಗೀರು ಮೂರು ದಿನದಿಂದ ನಿದ್ದೆ ಮಾಡಿಲ್ಲ" ಎಂದು ಹೆಮ್ಮೆಯಿಂದ ಕರೆದುಕೊಂಡು ಹೋದರು.

ಬಾಗಿಲಿಗೆ ಮಾವಿನ ತೋರಣ. ಒಳಗೆ ಸಾಲಾಗಿ ಪಂಪು, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಯಂತ್ರ, ಮಿಕ್ಸಿ. ಎಲ್ಲದಕ್ಕೂ ಹೊಸ ಬಣ್ಣ, ಅರಿಸಿನ ಕುಂಕುಮ, ಸೇವಂತಿಗೆ ಹೂವು. ಯೋಹಾನ್ನಾ ಒಂದೊಂದನ್ನೇ ಚಾಲೂ ಮಾಡಿ ನೋಡಿದರು. ಎಲ್ಲವೂ ಗಡಿಯಾರದ ಹಾಗೆ ಓಡಿದವು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕೆಟ್ಟವು ಎಲ್ಲಿವೆ?" ಎಂದರು.

ನಾನು ಕನ್ನಡದಲ್ಲಿ ಕೇಳಿದೆ. ಸುಮಿತ್ರಾ ಮುಖದ ನಗು ಇಳಿಯಿತು. ಪರೀಕ್ಷೆಗೆಂದೇ ಊರವರಿಂದ ತಂದಿಟ್ಟುಕೊಂಡಿದ್ದ ಕೆಟ್ಟ ಯಂತ್ರಗಳನ್ನೆಲ್ಲ, ಪರದೇಶದ ಅತಿಥಿ ಬರುತ್ತಾರೆಂಬ ಸಂಭ್ರಮದಲ್ಲಿ, ಅವರು ರಿಪೇರಿ ಮಾಡಿಸಿಬಿಟ್ಟಿದ್ದರು! "ನೆಂಟ್ರು ಬರ್ತಾರೆ ಅಂದ್ರೆ ಮುರುಕಲು ಹರಡಿಕೊಂಡು ಕೂರಕ್ಕಾಗತ್ತಾ ಮೇಡಂ? ನಂಗೆ ಆ ಹೊತ್ತಿಗೆ ಹೊಳೀಲೇ ಇಲ್ಲ" ಎಂದು ತಲೆ ಚಚ್ಚಿಕೊಂಡರು. ಗಾಜಿನ ಕಪಾಟಿನಲ್ಲಿ ಒಂದು ಕೆಂಪು ಡಬ್ಬಿ ಕಂಡಿತು, ಅದಕ್ಕೂ ಕುಂಕುಮ. ರಿಪೇರಿ ಮಾಡುವಾಗ ಯಾರೂ ಕರೆಂಟಿಗೆ ಸಿಕ್ಕಿಸದಂತೆ ಪ್ಲಗ್ಗನ್ನು ಒಳಗಿಟ್ಟು ಬೀಗ ಹಾಕುವ ಡಬ್ಬಿ ಅದು, ಯೋಹಾನ್ನಾ ಕಳಿಸಿದ್ದು. "ಬಳಸುತ್ತಿಲ್ಲವೇ?" ಎಂದರು. "ಅಷ್ಟು ಚೆಂದದ್ದನ್ನ ಗ್ರೀಸಿನ ಕೈಯಲ್ಲಿ ಹ್ಯಾಗೆ ಮುಟ್ಟೋದು?" ಎಂದಿತು ಹಿಂದಿನಿಂದ ಒಂದು ದನಿ.

ದನಿ ರಕ್ಷಿತಾಳದು. ಮೇಗುಂದದ ಹುಡುಗಿ, ಬಾಯಿ ಮುಚ್ಚಿಕೊಂಡು ಇರಲಾರದವಳು. "ಈಗ ಒಂದನ್ನ ನಾವೇ ಹಾಳು ಮಾಡಿದ್ರಾಯ್ತಪ್ಪ" ಎಂದು ಉಪಾಯವನ್ನೂ ಕೊಟ್ಟಳು. ಯೋಹಾನ್ನಾ ಬೇಡವೆಂದು ತಲೆಯಾಡಿಸಿದರು: "ನೀವು ಕೆಡಿಸಿದರೆ ದೋಷ ನಿಮಗೆ ಗೊತ್ತು. ನಾನು ಕೆಡಿಸಿದರೆ ನೀವು ಹುಡುಕುವುದು ನನ್ನ ಮನಸ್ಸನ್ನು, ಯಂತ್ರದ ಕಾಯಿಲೆಯನ್ನಲ್ಲ. ಅದು ತಾನಾಗಿ ಕೆಟ್ಟಿರಬೇಕು. ನಾಡಿದ್ದು ಸಂಜೆಯವರೆಗೆ ಇರುತ್ತೇನೆ, ಹುಡುಕೋಣ." ಪರೀಕ್ಷೆಗೆ ಯಾರನ್ನು ಕರೆದೊಯ್ಯುವುದೆಂದು ಕೇಳಿದಾಗ ರಕ್ಷಿತಾಳ ಕಡೆಗೇ ಬೆರಳು ತೋರಿಸಿದರು. ಸುಮಿತ್ರಾ ನನ್ನ ಕಿವಿಯಲ್ಲಿ, "ಅಯ್ಯೋ, ಇವಳ ಬಾಯಿ ನೋಡಿದ್ರಲ್ಲ" ಎಂದರು.

ಮರುದಿನ ಬೆಳಿಗ್ಗೆ ಸುಮಿತ್ರಾ ತಮ್ಮ ಹಳೆಯ ಜೀಪು ತಂದರು. ನಾವು ನಾಲ್ವರು ಕೊಪ್ಪದ ದಾರಿ ಹಿಡಿದೆವು. ಜೀಪೇ ಕೆಟ್ಟು ನಿಂತರೆ ಎಷ್ಟು ಚೆನ್ನ ಎಂದು ನಾನು ಒಳಗೊಳಗೇ ಹರಕೆ ಹೊತ್ತೆ. ಅದರ ಬಾಗಿಲಿಗೆ ಹಗ್ಗ ಕಟ್ಟಿತ್ತು, ಹಾರನ್ ಇರಲಿಲ್ಲ, ಆದರೂ ಆ ಎರಡು ದಿನ ಒಮ್ಮೆಯೂ ಕೆಮ್ಮಲಿಲ್ಲ.

ಹೋದ ವಾರದವರೆಗೂ ಫೋನಿನ ಮೇಲೆ ಫೋನು ಮಾಡಿ "ಪಂಪು ನಿಂತಿದೆ, ಬನ್ನಿ" ಎನ್ನುತ್ತಿದ್ದ ಕೊಪ್ಪದ ಮಂದಿ ಅಂದು ಯೋಹಾನ್ನಾ ಅವರ ಮುಖ ನೋಡಿದ್ದೇ ತಡ, ಮಾತು ಬದಲಿಸಿದರು. "ನಮ್ಮನೇಲಿ ಎಂತದೂ ಹಾಳಾಗಿಲ್ಲಪ್ಪ." ಪರದೇಶದವರ ಮುಂದೆ ಮನೆಯ ಮಾನ ಹೋಗಬಾರದಲ್ಲ! ನಾವು ಊಟ ಮಾಡಿದ ಹೋಟೆಲಿನ ಮಿಕ್ಸಿಯನ್ನು ಒಬ್ಬ ಹುಡುಗಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಹೊಗೆಯ ವಾಸನೆ ನಮ್ಮ ಎಲೆಯವರೆಗೂ ಬರುತ್ತಿತ್ತು. ಮಾಲೀಕರು ಮಾತ್ರ "ಅದು ಓಡೋದೇ ಹಾಗೆ ಮೇಡಂ" ಎಂದು ಇನ್ನೊಂದು ಸೌಟು ತಂಬುಳಿ ಬಡಿಸಿದರು. ಯೋಹಾನ್ನಾ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಇನ್ನೊಂದು ಬೇಕೆಂದರು.

ಮಧ್ಯಾಹ್ನ ಕಮ್ಮರಡಿಗೆ ಹೋದೆವು. ಅಲ್ಲೊಬ್ಬ ಅಂಗಡಿಯವರ ಕಳೆ ಕೊಚ್ಚುವ ಯಂತ್ರ ತಿಂಗಳಿಂದ ಮೂಲೆಗೆ ಬಿದ್ದಿದೆಯೆಂದು ಸುಮಿತ್ರಾ ಅವರಿಗೆ ಖಂಡಿತವಾಗಿ ಗೊತ್ತಿತ್ತು. ಅಂಗಡಿಯವರು ಅರಳಿದ ಮುಖದಿಂದ ಎದ್ದು ಬಂದರು. "ಹಾಳಾಗಿತ್ತು ಮೇಡಂ. ನೀವು ಬರ್ತೀರಿ ಅಂತ ಗೊತ್ತಾಗಿ ಮೊನ್ನೆನೇ ಸರಿ ಮಾಡಿಸಿದೆ."

"ಯಾರ ಹತ್ರ?" ಎಂದರು ಸುಮಿತ್ರಾ, ಸಿಟ್ಟಿನಲ್ಲಿ.

"ನಿಮ್ಮ ಹುಡುಗೀರ ಹತ್ರಾನೇ! ಎಂತ ಕೆಲಸ ಅಂತೀರಿ!"

ರಕ್ಷಿತಾ ಆಕಾಶ ನೋಡಿದಳು. ನಾನು ಅನುವಾದಿಸಿದಾಗ ಯೋಹಾನ್ನಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ನಂಬುತ್ತೇನೆ. ಆದರೆ ನಾನು ನೋಡಲಿಲ್ಲವಲ್ಲ" ಎಂದರು. ಅವರ ಮಾತು ನ್ಯಾಯವಾದದ್ದೇ. ರಾತ್ರಿ ತಂಗಲು ಶೃಂಗೇರಿಗೆ ಹೋದೆವು. ಸುಮಿತ್ರಾ ವಸತಿಗೃಹದ ಮೆಟ್ಟಿಲ ಮೇಲೆ ಕೂತು, "ಹುಡುಗೀರ ಮನೆಯವರನ್ನ ಒಬ್ಬೊಬ್ಬರನ್ನೇ ಒಪ್ಪಿಸಿ ಕರ್ಕೊಂಡು ಬಂದಿದ್ದೆ. ಹೆಣ್ಣುಮಕ್ಕಳಿಗೆ ಸ್ಪ್ಯಾನರ್ ಯಾಕೆ ಅಂದವರಿಗೆಲ್ಲ ಉತ್ತರ ಆ ಸರ್ಟಿಫಿಕೇಟೇ. ಈಗ ಎಂತ ಹೇಳ್ಲಿ?" ಎಂದರು.

ಮೂರನೆಯ ದಿನ ಬೆಳಿಗ್ಗೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದು ಅಕ್ಕಿ ರೊಟ್ಟಿ ತಿನ್ನುತ್ತಿದ್ದೆವು. ಸುಮಿತ್ರಾ ಅವರ ಫೋನು ಬಡಿದುಕೊಂಡಿತು. ನೆಮ್ಮಾರಿನಲ್ಲಿ ಒಂದು ಮನೆಯ ಉಪನಯನಕ್ಕೆ ಅಡುಗೆಗೆ ಬಂದಿದ್ದ ಗಣಪತಿ ಭಟ್ಟರು. ನಾಳೆ ಕಾರ್ಯ, ಇವತ್ತು ಹೋಳಿಗೆಯ ಹೂರಣ ಅರೆಯಬೇಕು, ದೊಡ್ಡ ಗ್ರೈಂಡರು ಅಲ್ಲಾಡುತ್ತಿಲ್ಲ.

"ಹಾಳಾಗಿದೆಯಾ?" ಎಂದು ಸುಮಿತ್ರಾ ಎದ್ದು ನಿಂತರು. "ಪೂರ್ತಿ ಹಾಳಾಗಿದೆಯಾ ಭಟ್ರೇ? ಅಬ್ಬ, ಒಳ್ಳೇದಾಯ್ತು! ಯಾರೂ ಮುಟ್ಟಬೇಡಿ, ಬಂದ್ವಿ!" ಆ ಕಡೆ ಭಟ್ಟರು ಏನೆಂದುಕೊಂಡರೋ ದೇವರೇ ಬಲ್ಲ. ಅತಿಥಿಯ ಸುದ್ದಿಯನ್ನಂತೂ ಸುಮಿತ್ರಾ ಬಾಯಿಬಿಡಲಿಲ್ಲ.

ನೆಮ್ಮಾರಿನ ಆ ಮನೆಯಲ್ಲಿ ಚಪ್ಪರ ಏಳುತ್ತಿತ್ತು. ಹಿತ್ತಲ ಕಡೆಯ ಅಡುಗೆಯ ಜಾಗದಲ್ಲಿ ಬೆಂದ ಕಡಲೆಬೇಳೆಯ ಕೊಪ್ಪರಿಗೆಯ ಪಕ್ಕ ಭಟ್ಟರು ಬೆವರು ಒರೆಸಿಕೊಳ್ಳುತ್ತಿದ್ದರು. ಮನೆಯ ಹಿರಿಯಜ್ಜಿ ನಾಗರತ್ನಮ್ಮ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತಿದ್ದರು. ಸುಮಿತ್ರಾ ರಕ್ಷಿತಾಳಿಗೆ, "ಬಾಯಿ ಕಡಿಮೆ, ಕೈ ಜಾಸ್ತಿ" ಎಂದು ಎಚ್ಚರಿಸಿದರು.

ರಕ್ಷಿತಾ ಗ್ರೈಂಡರಿನ ಪ್ಲಗ್ ಕಿತ್ತಳು. ಸುತ್ತ ನೋಡಿದಳು. ಕೆಂಪು ಡಬ್ಬಿ ನರಸಿಂಹರಾಜಪುರದ ಕಪಾಟಿನಲ್ಲಿ ಕುಂಕುಮ ಹಚ್ಚಿಕೊಂಡು ಕೂತಿದೆ! ಒಂದು ಕ್ಷಣ ಯೋಚಿಸಿ ಪ್ಲಗ್ಗನ್ನು ವೈರಿನ ಸಮೇತ ಅಜ್ಜಿಯ ಕೈಗಿಟ್ಟಳು. "ಅಜ್ಜಿ, ಇದನ್ನ ಹಿಡ್ಕಳಿ. ನಾನು ಕೇಳೋವರೆಗೂ ಯಾರಿಗೂ ಕೊಡಬೇಡಿ." ಆಮೇಲೆ ಯಂತ್ರದ ಕಡೆ ತಿರುಗಿಯೂ ನೋಡದೆ ಭಟ್ಟರು ಕೊಟ್ಟ ಕಾಫಿ ಹಿಡಿದು ಕೂತಳು.

"ನಿನ್ನೆ ಓಡಿತ್ತಾ ಭಟ್ರೇ?"

"ನಿನ್ನೆ ಸಂಜೆ ಉದ್ದು ಅರೆದಿದೀನಿ ಮಾರಾಯ್ತಿ. ಇವತ್ತು ನೋಡಿದ್ರೆ ಸತ್ತು ಬಿದ್ದಿದೆ."

"ಹೋಳಿಗೆ ಬೆಲ್ಲದ್ದಾ, ಸಕ್ಕರೆದಾ?"

ಯೋಹಾನ್ನಾ ನನ್ನತ್ತ ಬಾಗಿದರು: "ಕೆಲಸ ಶುರುವಾಗಿದೆಯೇ, ಇಲ್ಲವೇ?" ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಸುಮಿತ್ರಾ ದೂರದಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು.

"ಬೆಲ್ಲದ್ದೇ," ಎಂದರು ಭಟ್ಟರು. "ಉಗ್ರಾಣದಲ್ಲಿ ನೆಂಟ್ರು ಮಲಗಿದ್ರು ಅಂತ ಬೆಲ್ಲದ ಮೂಟೆ ನಿನ್ನೆ ರಾತ್ರಿ ಇಲ್ಲಿಗೇ ತಂದಿಟ್ರು. ಗ್ರೈಂಡರ್ ಪಕ್ಕ."

ರಕ್ಷಿತಾ ಲೋಟ ಕೆಳಗಿಟ್ಟಳು. "ಇರುವೆ ಬಂದಿದ್ವಾ?"

"ಬರದೇ ಇರ್ತವಾ ಕೂಸೇ?" ಎಂದರು ಅಜ್ಜಿ. "ಬೆಳಿಗ್ಗೆ ಎದ್ದು ನೋಡ್ತೀನಿ, ಮೂಟೆ ತುಂಬಾ ಸಾಲು. ಅರಿಶಿನಪುಡಿ ಹಾಕಿ ಎಲ್ಲಾ ಓಡಿಸಿದೆ."

"ಎಲ್ಲಿಗೆ ಓಡಿದ್ವು ಅಜ್ಜಿ?"

"ಅದನ್ನ ಯಾರು ನೋಡಿದಾರೆ?"

ರಕ್ಷಿತಾ ಎದ್ದು ಸ್ಕ್ರೂಡ್ರೈವರ್ ತೆಗೆದಳು. ಬೇರೆ ಎಲ್ಲಿಗೂ ಕೈ ಹಾಕದೆ ನೇರ ಸ್ವಿಚ್ಚಿನ ಡಬ್ಬಿ ಬಿಚ್ಚಿದಳು. ಒಳಗೆ, ಕರೆಂಟು ಹಾಯುವ ಎರಡು ತಗಡುಗಳ ನಡುವೆ, ಅವು ಒಂದಕ್ಕೊಂದು ತಾಕದಂತೆ, ಸತ್ತ ಇರುವೆಗಳು ಗಿಡಿದುಕೊಂಡಿದ್ದವು. ಅಜ್ಜಿ ಓಡಿಸಿದ ದಂಡು ಅಡಗಿದ್ದು ಅಲ್ಲಿ! ಯೋಹಾನ್ನಾ ಮೊಣಕಾಲೂರಿ ಡಬ್ಬಿಯೊಳಗೆ ಇಣುಕಿದರು. ನಾನು ಅಷ್ಟು ಹೊತ್ತಿನ ಮಾತನ್ನೆಲ್ಲ ಒಂದೂ ಬಿಡದೆ ಅವರಿಗೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಅರಳಿದರು. "ನಮ್ಮ ಪರೀಕ್ಷೆಯಲ್ಲಿ ಮಾಲೀಕರನ್ನು ಹೊರಗೆ ನಿಲ್ಲಿಸುತ್ತೇವೆ. ಮೂರ್ಖತನ!" ಎಂದರು.

ರಕ್ಷಿತಾ ಬ್ರಷ್ಷಿನಿಂದ ಗುಡಿಸಿ, ತಗಡುಗಳನ್ನು ತಿಕ್ಕಿ ಹೊಳಪಿಸುತ್ತಿದ್ದಾಗ ಅಜ್ಜಿಯ ಮಗ ಬಂದರು. "ಅಮ್ಮಾ, ಎಂತಕ್ಕೆ ಅದನ್ನ ಹಿಡ್ಕಂಡು ಕೂತಿದ್ಯಾ? ಕೊಡು, ಸಿಕ್ಕಿಸ್ತೀನಿ." ಅಜ್ಜಿ ಪ್ಲಗ್ಗನ್ನು ಸೆರಗಿನೊಳಗೆ ಸೇರಿಸಿದರು. "ಕೂಸು ಕೇಳ್ಲಿ." ಬೆಂದ ಬೇಳೆ ಒಣಗುತ್ತದೆಂದು ಭಟ್ಟರೂ ಬೇಡಿದರು. "ಕೂಸು ಕೇಳ್ಲಿ ಅಂದ್ನಲ್ಲ!" ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ರಕ್ಷಿತಾ "ಈಗ ಕೊಡಿ ಅಜ್ಜಿ" ಎಂದ ಮೇಲೆಯೇ ಅದು ಹೊರಗೆ ಬಂದದ್ದು.

ಗ್ರೈಂಡರು ಗುರ್ರೆಂದು ತಿರುಗಿತು. ಭಟ್ಟರು ಬೇಳೆ ಸುರಿಯತೊಡಗಿದರು. ಯೋಹಾನ್ನಾ ಸುಮಿತ್ರಾ ಬಳಿಗೆ ಹೋಗಿ, ದಾರಿಯುದ್ದಕ್ಕೂ ನನ್ನಿಂದ ಹೇಳಿಸಿಕೊಂಡು ಕಲಿತಿದ್ದ ಒಂದೇ ಒಂದು ಕನ್ನಡ ಪದವನ್ನು ತಾವೇ ಹೇಳಿದರು: "ನೋಡಿದೆ." ಸುಮಿತ್ರಾ ಅವರನ್ನು ಅಪ್ಪಿಕೊಂಡು ಅತ್ತೇಬಿಟ್ಟರು. ನಾನೂ ಅತ್ತೆ; ಸಂತೋಷಕ್ಕೆ ಅಳುವುದಕ್ಕೆ ಅನುವಾದ ಬೇಕಿರಲಿಲ್ಲ. ರಕ್ಷಿತಾ ಫೋನು ಹಿಡಿದು ಉಳಿದ ಹನ್ನೊಂದು ಮಂದಿಗೂ ಒಟ್ಟಿಗೇ ಕೂಗಿ ಹೇಳಿದಳು. ಅಜ್ಜಿ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಅದೇ ಗ್ರೈಂಡರಿನ ಮೊದಲ ಹೋಳಿಗೆಗಳು, ಮೇಲೆ ತುಪ್ಪ. ನಾನು ಎಷ್ಟು ತಿಂದೆನೆಂದು ಬರೆಯುವುದಿಲ್ಲ. ಮರಳುವ ದಾರಿಯ ಒಂದೊಂದು ತಿರುವೂ ನನ್ನ ಹೊಟ್ಟೆಗೆ ಅದನ್ನು ನೆನಪಿಸಿತು.

ಮೈಸೂರಿಗೆ ಬಂದು ಕೆಲವು ವಾರಗಳಾದ ಮೇಲೆ ಯೋಹಾನ್ನಾ ಅವರಿಂದ ಒಂದು ಫೋಟೋ ಬಂತು. ಅವರ ಶಾಲೆಯ ವರ್ಕ್‌ಶಾಪು. ಗೋಡೆಯಲ್ಲಿ ಕೆಂಪು ಡಬ್ಬಿಗಳ ಸಾಲು. ಅದರ ಕೆಳಗೆ ಕುರ್ಚಿಯಲ್ಲಿ ಒಬ್ಬ ಬೆಳ್ಳಿಗೂದಲ ಹೆಂಗಸು, ಕೆಟ್ಟ ಯಂತ್ರದ ಯಜಮಾನಿ. ಅವರ ಮಡಿಲಲ್ಲಿ ಪ್ಲಗ್ಗು. ಎದುರಿಗೆ ಒಬ್ಬ ವಿದ್ಯಾರ್ಥಿ ಕಾಫಿ ಹಿಡಿದು ಕೂತು ಮಾತಾಡಿಸುತ್ತಿದ್ದಾನೆ.

ಅದನ್ನು ಸುಮಿತ್ರಾ ಅವರಿಗೆ ಕಳಿಸಿದೆ. ಹೊಸ ತಂಡದ ಗಡಿಬಿಡಿಯಲ್ಲೂ ಅವರು ಅದನ್ನು ನೆಮ್ಮಾರಿಗೆ ಮುಟ್ಟಿಸಿದರಂತೆ. ಸಂಜೆ ನಾಗರತ್ನಮ್ಮನವರ ಧ್ವನಿ ನನ್ನ ಫೋನಿಗೇ ಬಂತು:

"ಫೋಟೋ ನೋಡಿದೆ. ಎಲ್ಲಾ ಸರಿಯಿದೆ, ಆದ್ರೆ ಆಯಮ್ಮ ಸಡಿಲ ಹಿಡ್ಕಂಡಿದಾಳೆ. ಯಾರಾದ್ರೂ ಕಿತ್ಕಂಡು ಹೋಗ್ತಾರೆ. ಸೆರಗಿಲ್ಲದಿದ್ರೆ ಪರವಾಗಿಲ್ಲ, ಗಟ್ಟಿಯಾಗಿ ಹಿಡ್ಕಳಕ್ಕೆ ಹೇಳು."