ಹೊಸ ಸೀರಿಯಲ್ಲುಗಳಿಗೆ ನಮ್ಮತ್ತೆಯ ತೀರ್ಪು

ಮೊದಲೇ ಹೇಳಿಬಿಡುತ್ತೇನೆ, ಸಂಜೆ ಏಳು ಗಂಟೆಗೆ ಬರುವ ಆ ಹೊಸ ಸೀರಿಯಲ್ ನೋಡಬೇಡಿ. ಏಳೂವರೆಯದಂತೂ ಖಂಡಿತ ಬೇಡ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಸೀರಿಯಲ್ ಎಂದರೆ ಮೂಗು ಮುರಿಯುತ್ತಿದ್ದವಳು. ಈಗ ಯಾರು ಕೇಳಿದರೂ, ಕೇಳದಿದ್ದರೂ, ಹೊಸ ಸೀರಿಯಲ್ಲುಗಳ ಬಗ್ಗೆ ಅಭಿಪ್ರಾಯ ಹೇಳುವಷ್ಟು ಕೆಟ್ಟುಹೋಗಿದ್ದೇನೆ. ಕೆಟ್ಟದ್ದು ನಮ್ಮತ್ತೆಯ ದೆಸೆಯಿಂದ.

ಹಬ್ಬಗಳೆಲ್ಲ ಮುಗಿಯುವ ಹೊತ್ತಿಗೆ ಚಾನೆಲ್ಲುಗಳಿಗೆ ಅದೇನಾಗುತ್ತದೋ, ಹಳೆಯ ಸೀರಿಯಲ್ಲುಗಳಲ್ಲಿ ಉಳಿದವರಿಗೆಲ್ಲ ಮದುವೆ ಮಾಡಿಸಿ, ಕೆಟ್ಟವರಿಂದ ಕ್ಷಮೆ ಕೇಳಿಸಿ, ಗಡಿಬಿಡಿಯಲ್ಲಿ ಮುಗಿಸಿಬಿಡುತ್ತವೆ. ಆ ಜಾಗಕ್ಕೆ ಹೊಸವು ಬರುತ್ತವೆ. ಬಸ್ಸಿನ ಬೆನ್ನ ಮೇಲೆ, ಮೆಟ್ರೋ ಕಂಬದ ಮೇಲೆ ಹೊಸ ನಾಯಕಿಯರು ಕಣ್ಣೀರು ತುಂಬಿಕೊಂಡು ನಿಲ್ಲುತ್ತಾರೆ. ಆಗ ಶಂಕರಪುರದ ನಮ್ಮ ಬೀದಿಯ ಹೆಂಗಸರಿಗೆಲ್ಲ ಒಂದೇ ಪ್ರಶ್ನೆ, ಈ ಸಲ ಯಾವುದನ್ನು ಹಿಡಿಯುವುದು? ಉತ್ತರ ಹೇಳುವವರು ನಮ್ಮತ್ತೆ. ಹೊಸವನ್ನೆಲ್ಲ ಒಂದು ವಾರ ನೋಡಿ, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಗೆಳತಿಯರ ನಡುವೆ ಕೂತು ತೀರ್ಪು ಕೊಡುತ್ತಿದ್ದರು. "ಇದು ಯುಗಾದಿ ಕಾಣಲ್ಲ ಬಿಡಿ" ಎಂದರೆ ಕಾಣುತ್ತಿರಲಿಲ್ಲ. "ಇದ್ರಲ್ಲಿ ಆ ಚಿಕ್ಕಮ್ಮ ಇದಾಳಲ್ಲ, ಅವಳೇ ಎಲ್ರನ್ನೂ ನುಂಗಿ ನೀರು ಕುಡೀತಾಳೆ, ನೋಡ್ತಿರಿ" ಎಂದರೆ ಹಾಗೇ ಆಗುತ್ತಿತ್ತು. ಅವರು ಬೇಡ ಎಂದದ್ದನ್ನು ಆ ಬೆಂಚಿನವರು ಯಾರೂ ನೋಡುತ್ತಿರಲಿಲ್ಲ. ನೋಡಿದರೂ ಕದ್ದು ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ಅತ್ತೆಯ ಕಣ್ಣು ಕೈಕೊಟ್ಟಿತು. ಒಳಗಿನ ಪರದೆಯ ನಡುಭಾಗ ಸವೆದಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ಅಂಚಿನ ನೋಟ ಉಳಿದಿದೆ, ನಡುವಿನದು ಹೋಗಿದೆ. ಹಾಗಾಗಿ ಅವರು ಮನೆಯೆಲ್ಲ ಓಡಾಡುತ್ತಾರೆ, ಡಿಕಾಕ್ಷನ್ ಇಳಿಸುತ್ತಾರೆ, ಅಭ್ಯಾಸದ ದಾರಿ ಹಿಡಿದು ಪಾರ್ಕಿಗೂ ಹೋಗಿ ಬರುತ್ತಾರೆ. ಆದರೆ ಯಾರ ಕಡೆ ನೋಡಿದರೂ ಮುಖ ಇರಬೇಕಾದ ಜಾಗದಲ್ಲಿ ಹೊಗೆ ಮೆತ್ತಿದ ಹಾಗಿರುತ್ತದಂತೆ. ಬೆಂಚಿನ ಗೆಳತಿಯರಿಗೆ ಇದನ್ನು ಹೇಳಕೂಡದೆಂದು ನನ್ನಿಂದಲೂ ನನ್ನ ಗಂಡನಿಂದಲೂ ಮಾತು ತೆಗೆದುಕೊಂಡಿದ್ದರು.

"ಗೊತ್ತಾದ್ರೆ ಲೊಚಗುಟ್ತಾರೆ ಕಣೇ. ಕೈ ಹಿಡ್ಕೊಂಡು ನಡೆಸ್ತಾರೆ. ಆಮೇಲೆ ನಾನು ಹೇಳೋ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ" ಎಂದಿದ್ದರು.

ಗೆಳತಿಯರನ್ನು ದನಿಯಿಂದ, ನಡಿಗೆಯಿಂದ ಗುರುತು ಹಿಡಿಯುತ್ತಿದ್ದರು. ಟಿವಿಯ ಸಂಸಾರವೂ ಹಾಗೇ ನಡೆದಿತ್ತು. ವರ್ಷಗಟ್ಟಲೆ ಓಡಿದ ಹಳೆಯ ಸೀರಿಯಲ್ಲುಗಳ ಒಂದೊಂದು ದನಿಯೂ ಅವರಿಗೆ ಪಾಠವಾಗಿತ್ತು. ಯಾರಾದರೂ ಕೆಮ್ಮಿದರೆ ಇಂಥವನೇ ಎಂದು ಹೇಳಿಬಿಡುತ್ತಿದ್ದರು. ಹೋದ ವರ್ಷ ಒಂದೆರಡೇ ಬದಲಾಗಿದ್ದವು, ಈ ಸಲ ಅವೆಲ್ಲ ಒಟ್ಟಿಗೆ ಮುಗಿದವು. ಹೊಸ ಕತೆ, ಹೊಸ ಜನ, ಎಲ್ಲ ಹೊಸ ದನಿ. ಮೊದಲನೆಯ ಸಂಜೆ "ಈಗ ಮಾತಾಡಿದವಳು ಅತ್ತಿಗೆಯೋ ಅಮ್ಮನೋ?" ಎಂದು ಮತ್ತೆ ಮತ್ತೆ ಕೇಳಿದರು. ನಾನು ಪೇಪರು ತಿದ್ದುತ್ತಾ ಕೂತಿದ್ದೆ, ನನಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ರಿಮೋಟು ತಡಕಿ ಟಿವಿ ಆರಿಸಿದರು.

"ಸಾಕು. ಎಲ್ಲಾ ಒಂದೇ ಥರ ಇರತ್ತೆ" ಎಂದರು.

ಎಲ್ಲ ಒಂದೇ ಥರ ಇರುತ್ತದೆ ಎಂದು ಮದುವೆಯಾಗಿ ಬಂದಾಗಿನಿಂದ ಹೇಳುತ್ತಿದ್ದವಳು ನಾನು, ಅಲ್ಲವೆಂದು ಜಗಳಕ್ಕೆ ನಿಲ್ಲುತ್ತಿದ್ದವರು ಅವರು. ನನ್ನ ಮಾತು ಅವರ ಬಾಯಿಂದ ಬಂದದ್ದು ಕೇಳಿ ನನಗೆ ಗೆದ್ದೆ ಅನ್ನಿಸಲಿಲ್ಲ.

ಮರುದಿನದಿಂದ ಪಾರ್ಕೂ ನಿಂತಿತು. ಮಂಡಿ ನೋವು ಎಂದರು. ಮಂಡಿ ನೋವಿರುವವರು ದೇವರ ಮನೆಯಲ್ಲಿ ಆ ಪರಿ ಅಡ್ಡಬಿದ್ದು ನಮಸ್ಕಾರ ಮಾಡುತ್ತಾರೆಯೇ? ಗೆಳತಿಯರು ಫೋನ್ ಮಾಡಿ "ಯಾವ್ದು ನೋಡೋದು ಅಂತ ಹೇಳ್ಲೇ ಇಲ್ವಲ್ರೀ" ಎಂದು ಕೇಳಿದರೆ, ಸ್ನಾನಕ್ಕೆ ಹೋಗಿದ್ದಾರೆ ಅನ್ನು ಎಂದು ನನಗೆ ಸನ್ನೆ ಮಾಡುತ್ತಿದ್ದರು. ಸಂಜೆ ಐದು ಗಂಟೆಗೆ ಯಾವ ಸ್ನಾನ? ಆದರೂ ಹೇಳಿದೆ.

ಈ ನಡುವೆ ನನ್ನ ಗಂಡ ಒಂದು ಭಜನೆ ಪೆಟ್ಟಿಗೆ ತಂದರು. ಒಂದು ಗುಂಡಿ ಒತ್ತಿದರೆ ಸುಪ್ರಭಾತ, ಇನ್ನೊಂದು ಒತ್ತಿದರೆ ದೇವರನಾಮ. "ವಯಸ್ಸಾಯ್ತಲ್ಲ, ಅಮ್ಮಂಗೆ ಇದೇ ವಾಸಿ" ಎಂದರು. ಅತ್ತೆ ಪೆಟ್ಟಿಗೆಯನ್ನು ಸವರಿ ನೋಡಿ, "ಯಾಕೋ, ನನ್ನ ಈಗ್ಲೇ ಸಾಗಹಾಕ್ತೀಯೇನೋ?" ಎಂದು ಕಿಟಕಿಯ ಮೇಲಿಟ್ಟರು. ನನ್ನ ಗಂಡ ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಜನ್ಮವಿಡೀ ಇನ್ನೊಬ್ಬರ ಮನೆಯ ಜಗಳ ಬಿಡಿಸಿ, ಮದುವೆ ಕುದುರಿಸಿ, ಟಿವಿಯವರಿಗೂ ಬುದ್ಧಿ ಹೇಳಿದ ಹೆಂಗಸನ್ನು ಮೂಲೆಯಲ್ಲಿ ಕೂರಿಸಿ ಕೈಗೆ ತಾಳ ಕೊಡುವುದೇ? ಅವತ್ತೇ ಪಟ್ಟು ಹಿಡಿದೆ. ಇಷ್ಟೊಂದು ಹೊಸ ಸೀರಿಯಲ್ಲುಗಳಲ್ಲಿ ಬರೀ ಕಿವಿಯಿಂದ ನೋಡಬಹುದಾದದ್ದು ಒಂದಾದರೂ ಇರಲೇಬೇಕು. ಅದನ್ನು ಹುಡುಕದೆ ನಾನು ಬಿಡುವವಳಲ್ಲ.

ನಮ್ಮ ಅಡುಗೆಮನೆಗೆ ನಡುಮನೆಯ ಟಿವಿ ಕೇಳಿಸುತ್ತದೆ, ಕಾಣಿಸುವುದಿಲ್ಲ. ಚಪಾತಿ ಲಟ್ಟಿಸುತ್ತಾ ಒಂದು ವಾರ ಎಲ್ಲವನ್ನೂ ಕೇಳಿದೆ. "ಏನೇ ಇದು, ಟಿವಿ ಹಾಕಿದೀಯಾ? ನೀನಾ?" ಎಂದು ಅತ್ತೆ ಕೋಣೆಯಿಂದಲೇ ಕೂಗಿದರು. "ಹೂಂ, ನಂಗೂ ಹುಚ್ಚು ಹಿಡೀತು" ಎಂದೆ.

ಏಳು ಗಂಟೆಯದು ಕೂಡುಕುಟುಂಬದ ಕತೆ. ಅದರಲ್ಲಿ ಮಾತಿಗಿಂತ ಡೋಲು ಜಾಸ್ತಿ. ಯಾರಾದರೂ ಹಾಲು ಉಕ್ಕಿಸಿದರೆ ಗುಡುಗು, ಬಾಗಿಲು ತೆಗೆದರೆ ಸಿಡಿಲು. ಮೂವರು ಸೊಸೆಯಂದಿರಿದ್ದಾರೆ, ಮೂವರದೂ ಒಂದೇ ಕೀರಲು ದನಿ. ಇವಳು ಅತ್ತಳು ಎಂದುಕೊಂಡರೆ ಅತ್ತವಳು ಅವಳಾಗಿರುತ್ತಾಳೆ. ತೆಗೆದುಹಾಕಿದೆ.

ಏಳೂವರೆಯದು ಶ್ರೀಮಂತರ ಹುಡುಗ ಮತ್ತು ಹೂ ಮಾರುವ ಹುಡುಗಿಯದು. ಅವಳ ಮನೆ ಚಾಮರಾಜಪೇಟೆಯಲ್ಲಂತೆ. ನಮ್ಮ ಸ್ಕೂಲಿರುವುದೂ ಚಾಮರಾಜಪೇಟೆಯಲ್ಲೇ. ಗೇಟಿನ ಪಕ್ಕ ಹೂ ಮಾರುವಾಕೆ ನನ್ನನ್ನು ಕಂಡರೆ, "ಮೇಡಂ, ನಿನ್ನೆ ಎಲ್ಲೋಗಿದ್ರಿ? ನಿಮಗೇಂತ ಎತ್ತಿಟ್ಟ ಹೂವೆಲ್ಲಾ ಬಾಡೋಯ್ತು" ಎಂದು ಜಗಳಕ್ಕೇ ಬರುತ್ತಾಳೆ. ಸೀರಿಯಲ್ಲಿನವಳೋ ಬಹುಮಾನ ವಿತರಣೆಯ ದಿನ ಭಾಷಣ ಒಪ್ಪಿಸುವ ಮಕ್ಕಳ ಹಾಗೆ ಮಾತಾಡುತ್ತಾಳೆ. ಬುಟ್ಟಿ ಹೊತ್ತವಳ ಬಾಯಲ್ಲಿ ಆ ಭಾಷೆ ಕೇಳಿ ನನ್ನ ಚಪಾತಿ ಸೀದುಹೋಯಿತು. ಅದೂ ಬೇಡ.

ಎಂಟು ಗಂಟೆಯದರಲ್ಲಿ ಏನೂ ಕೇಳಿಸಲೇ ಇಲ್ಲ. ಬಳೆಯ ಸದ್ದು, ಪಾತ್ರೆಯ ಸದ್ದು, ಒಂದು ನಿಟ್ಟುಸಿರು. ಟಿವಿ ಕೆಟ್ಟುಹೋಯಿತೇನೋ ಎಂದು ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದು ನೋಡಿದರೆ ಪರದೆಯ ತುಂಬ ಒಬ್ಬಳ ಮುಖ. ಜಗಳವಾಡಿ ಮಾತು ಬಿಟ್ಟ ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದಾರೆ, ಕತೆಯೇ ಅದು. ಇವಳು ಅವಳನ್ನು ನೋಡುತ್ತಾಳೆ, ಅವಳು ಗೋಡೆ ನೋಡುತ್ತಾಳೆ, ಅಷ್ಟರಲ್ಲಿ ಜಾಹೀರಾತು. ಇದಕ್ಕಿಂತ ಭಜನೆ ಪೆಟ್ಟಿಗೆಯೇ ಮೇಲು ಎಂದುಕೊಂಡೆ.

ಎಂಟೂವರೆಯದು ನನಗೆ ಸಿಕ್ಕಿದ ನಿಧಿ. ಮೆಸ್ ನಡೆಸುವ ಒಂದು ಮನೆ, ಮನೆತುಂಬ ಬಾಯಿಬಡುಕರು. ಒಬ್ಬನದು ಗೊಗ್ಗರು ದನಿ, ಒಬ್ಬಳು ಉತ್ತರ ಕರ್ನಾಟಕದ ಕಡೆಯವಳು, ಅಜ್ಜನಿಗೆ ಉಬ್ಬಸ. ಬಂದವರು ಯಾರೇ ಇರಲಿ "ಬಾ ಭಾವ", "ಏನಮ್ಮಾ ದೊಡ್ಡ ಸೊಸೆ" ಎಂದು ಕರೆದೇ ಮಾತಾಡಿಸುತ್ತಾರೆ. ಸಾರಿಗೆ ಉಪ್ಪು ಹಾಕಿದರೂ ಹೇಳಿ ಹಾಕುತ್ತಾರೆ. ನೂರಕ್ಕೆ ನೂರು ಕೊಟ್ಟೆ.

ಸೋಮವಾರ ಅತ್ತೆಯನ್ನು ಹೆಚ್ಚುಕಡಿಮೆ ಎಳೆದುಕೊಂಡು ಬಂದು ಅದರ ಮುಂದೆ ಕೂರಿಸಿದೆ. ಎಲ್ಲವೂ ತಿಳಿಯಿತು, ಒಂದು ಸಲವೂ ಯಾರು ಏನು ಎಂದು ಕೇಳಲಿಲ್ಲ. ನಾನು ಒಳಗೊಳಗೇ ಬೀಗಿದೆ. ಮೂರನೆಯ ದಿನ ಅತ್ತೆ ಆಕಳಿಸಿದರು.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಊಟ ಮಾಡ್ತಾ ಕೇಳ್ಬೋದು. ಆದ್ರೆ ಇಷ್ಟೊಂದು ಮಾತಾಡೋ ಮನೇಲಿ ಗುಟ್ಟೆಲ್ಲಿರತ್ತೆ ಹೇಳು? ಗುಟ್ಟೇ ಇಲ್ಲ ಅಂದ್ಮೇಲೆ ನಾನು ಕಂಡುಹಿಡಿಯೋದೇನು?"

ನನಗೆ ರೇಗಿಹೋಯಿತು. "ಗುಟ್ಟು ಬೇಕಂದ್ರೆ ಎಂಟು ಗಂಟೇದಿದೆ, ನೋಡಿ! ಇಬ್ರು ಅಕ್ಕತಂಗೀರು. ಬಾಯೇ ಬಿಡಲ್ಲ. ಬರೀ ನೋಡ್ತಾರೆ."

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಯಾರು ಯಾರನ್ನ ನೋಡ್ತಾರೆ? ಹೆಂಗೆ ನೋಡ್ತಾರೆ?"

"ಅದೆಲ್ಲಾ ನಂಗೇನು ಗೊತ್ತು?"

"ನಾಳೆ ಅದನ್ನ ಹಾಕು. ನನ್ನ ಪಕ್ಕ ಕೂತ್ಕೋ. ನೀನು ಹೇಳು, ನಾನು ಕೇಳ್ತೀನಿ."

ವಾರವಿಡೀ ಹುಡುಕಿ ಆರಿಸಿದ್ದನ್ನು ಪಕ್ಕಕ್ಕಿಟ್ಟು ನಾನು ತೆಗೆದು ಬಿಸಾಡಿದ್ದನ್ನೇ ಕೇಳಿದರು ನೋಡಿ! ಕೋಪ ಬಂದರೂ ಕೂತೆ. ಪರದೆಯ ಮೇಲೆ ಊಟದ ಹೊತ್ತು. ಅಕ್ಕ ತಂಗಿಯ ಕಡೆ ನೋಡಿದಳು.

"ಕೋಪ ಮಾಡ್ಕೊಂಡು ನೋಡ್ತಿದಾಳೆ" ಎಂದೆ.

"ಕೋಪ ಅಂತ ನಿಂಗ್ಯಾರು ಹೇಳಿದ್ರು? ಹುಡುಗ್ರು ಬರೀ ಉತ್ತರ ಬರೆದ್ರೆ ನೀನು ಮಾರ್ಕ್ಸ್ ಕೊಡ್ತೀಯಾ? ಲೆಕ್ಕ ಬಿಡಿಸಿ ಹೇಳು. ಹುಬ್ಬು ಹೆಂಗಿದೆ?"

"ಗಂಟು ಹಾಕಿದಾಳೆ."

"ತುಟಿ?"

"ಬಿಗಿ ಹಿಡಿದಿದಾಳೆ. ಆದ್ರೆ... ಗಲ್ಲ ಅದುರ್ತಿದೆ. ತಂಗಿ ತಟ್ಟೆ ನೋಡ್ತಿದಾಳೆ, ಮುಖ ನೋಡ್ತಿಲ್ಲ."

"ಕೈ ಎಲ್ಲಿದೆ?"

"ತುಪ್ಪದ ಗಿಂಡಿ ಮೇಲೆ."

"ಅದು ಕೋಪ ಅಲ್ಲ ಕಣೇ, ಪೆದ್ದಿ. ಮಾತಾಡ್ಸೋಕೆ ಆಸೆ. ಇನ್ನೆರಡು ದಿನದಲ್ಲಿ ಬಾಯಿ ಬಿಡದೇನೇ ತುಪ್ಪ ಬಡಿಸ್ತಾಳೆ ನೋಡ್ತಿರು."

ಎರಡನೆಯ ದಿನ ಆ ಮಹಾತಾಯಿ ಕೈ ಚಾಚಿ ತಂಗಿಯ ಅನ್ನದ ಮೇಲೆ ತುಪ್ಪ ಬಡಿಸಿದಳು. "ಅತ್ತೇ! ಬಡಿಸಿದ್ಳು ಅತ್ತೇ!" ಎಂದು ನಾನು ಕಿರುಚಿದ ರಭಸಕ್ಕೆ ಕೋಣೆಯಲ್ಲಿದ್ದ ಗಂಡ ಏನಾಯಿತೋ ಎಂದು ಓಡಿಬಂದರು. ಅತ್ತೆ ಕೈ ಕಟ್ಟಿಕೊಂಡು, "ನಾನು ಹೇಳ್ಲಿಲ್ವಾ?" ಎಂದರಷ್ಟೇ. ಅವರ ದನಿಯಲ್ಲಿ ಹಳೆಯ ಜಂಬ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಹುಬ್ಬು, ತುಟಿ, ಕತ್ತು, ಸೆರಗು, ಕಾಲಬೆರಳು, ಎಲ್ಲವನ್ನೂ ನೋಡಿ ನೋಡಿ ಹೇಳುವುದು ನನ್ನ ಕೆಲಸವಾಯಿತು. ತರಗತಿಯಲ್ಲಿ ಕಾಪಿ ಮಾಡಿದವರು ಯಾರೆಂದು ಈಗ ಬಾಗಿಲಲ್ಲೇ ತಿಳಿದುಬಿಡುತ್ತದೆ. ಮುಂದಿನ ವಾರವಿಡೀ ಮಿಕ್ಕ ಸೀರಿಯಲ್ಲುಗಳನ್ನೂ ಹೀಗೇ ನೋಡಿ ಮುಗಿಸಿದೆವು.

ಭಾನುವಾರ ಅವರ ಸೀರೆ ತೆಗೆದು ಮಂಚದ ಮೇಲಿಟ್ಟು, "ಏಳಿ, ಪಾರ್ಕಿಗೆ" ಎಂದೆ. ಮಂಡಿ ಎಂದು ಶುರುಮಾಡಿದರು. "ಮಂಡಿ ನೋವಾದ್ರೆ ಆಟೋದಲ್ಲಿ ಹೋಗೋಣ. ನಾನೂ ಬರ್ತೀನಿ" ಎಂದೆ. ನಾನು ಬಿಡುವುದಿಲ್ಲವೆಂದು ಅವರಿಗೆ ಗೊತ್ತಾಯಿತು. ದಾರಿಯಲ್ಲಿ ನನ್ನ ತೋಳು ಹಿಡಿದು, "ಕಣ್ಣಿನ ವಿಷಯ ಬಾಯಿ ಬಿಡ್ಬೇಡ" ಎಂದು ಇನ್ನೊಂದು ಸಲ ಹೇಳಿದರು.

"ಬನ್ನಿ ಬನ್ನಿ, ಅಂತೂ ಬಂದ್ರಲ್ಲ!" ಎಂದು ಗೆಳತಿಯರು ಬೆಂಚಿನ ನಡುವೆ ಜಾಗ ಮಾಡಿಕೊಟ್ಟರು. ಅತ್ತೆ ಕೂತು ಸೆರಗು ಹೊದ್ದುಕೊಂಡು ಒಂದೇ ಉಸಿರಿಗೆ ಶುರುಮಾಡಿದರು. "ಏಳು ಗಂಟೇದು ಬೇಡ, ಬರೀ ಡೋಲು. ಏಳೂವರೆದು ಸುಳ್ಳಿನ ಕಂತೆ, ಆ ಹುಡುಗಿ ಜನ್ಮದಲ್ಲಿ ಹೂ ಕಟ್ಟಿಲ್ಲ. ಎಂಟೂವರೆದು ಊಟ ಮಾಡ್ತಾ ನೋಡಿ, ತಪ್ಪಿಲ್ಲ. ಎಂಟು ಗಂಟೇದು ಮಾತ್ರ ಕೆಲಸ ಎಲ್ಲಾ ಬಿಟ್ಟು ಕೂತ್ಕೊಂಡು ನೋಡಿ." ನಾನು ಪಕ್ಕದಲ್ಲಿ ನಿಂತು ಬೀಗುತ್ತಿದ್ದೆ.

ಆಗ ಅವರಲ್ಲೊಬ್ಬರು, ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆಯಾಗಿ ನಿವೃತ್ತರಾದ ದೊಡ್ಡ ಗಂಟಲಿನ ಹೆಂಗಸು, ಫೋನು ತೆಗೆದು ಅತ್ತೆಯ ಮುಖದ ಮುಂದೆ ಹಿಡಿದರು. "ಎಂಟು ಗಂಟೇದು ಅಂದ್ರಲ್ಲ, ಅದರ ತಂಗಿ ಪಾತ್ರದವಳು ನಮ್ಮ ನೆಂಟರ ಮದುವೆಗೆ ಬಂದಿದ್ಳಂತೆ ಕಣ್ರೀ. ಫೋಟೋದಲ್ಲಿ ಮೂರು ಜನ ಹುಡುಗೀರಿದಾರೆ. ಇವರಲ್ಲಿ ಯಾರು ಅವಳು, ತೋರಿಸಿ ನೋಡೋಣ."

ಅತ್ತೆ ಫೋನಿನ ಕಡೆ ಮುಖ ಮಾಡಿದರು. ಕತ್ತನ್ನು ಆ ಕಡೆ ಈ ಕಡೆ ವಾಲಿಸಿ ಅಂಚಿನಿಂದ ನೋಡಲು ಹೆಣಗಿದರು. ಬೆರಳೆತ್ತಿದರು, ಇಳಿಸಿದರು. "ಮಧ್ಯದಲ್ಲಿ..." ಎಂದು ನಾನು ಬಾಯಿ ಹಾಕಿದೆ. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಸುಮ್ಮನಿರಿಸಿದರು.

"ನಂಗೆ ಫೋಟೋ ಕಾಣಲ್ಲ ಕಣ್ರೀ" ಎಂದರು. "ಎರಡು ವರ್ಷ ಆಯ್ತು. ನಿಮ್ಮ ಯಾರ ಮುಖಾನೂ ಕಾಣಲ್ಲ."

ಫೋನು ಹಿಡಿದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಅತ್ತೆಯ ಉಗುರು ನನ್ನ ಅಂಗೈಗೆ ನಾಟುತ್ತಿತ್ತು, ಆದರೆ ದನಿ ಒಂದಿಷ್ಟೂ ನಡುಗಲಿಲ್ಲ.

"ಸೀರಿಯಲ್ ನೋಡೋದು ನನ್ನ ಸೊಸೆ ಕಣ್ಣಲ್ಲಿ. ತೀರ್ಪು ನಂದೇ. ಬೇಕಾ, ಬೇಡ್ವಾ? ಬೇಡ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ."

ನಿವೃತ್ತ ಗುಮಾಸ್ತೆ ಫೋನನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದರು. ಕಣ್ಣು ಒರೆಸಿಕೊಂಡರು, ಆದರೆ ಬಾಯಿಂದ ಬಂದದ್ದು ಅದೇ ದೊಡ್ಡ ಗಂಟಲು.

"ಎದ್ದು ಎಲ್ಲಿಗ್ರೀ ಹೋಗ್ತೀರಾ? ಮೊದ್ಲು ಹೇಳಿ, ಆ ಅಕ್ಕತಂಗೀರು ಮಾತಾಡ್ತಾರೋ ಇಲ್ವೋ?"

ಅತ್ತೆ ನನ್ನ ಕೈ ಬಿಟ್ಟು ಬೆನ್ನು ನೆಟ್ಟಗೆ ಮಾಡಿದರು.

"ಈ ತಿಂಗಳಂತೂ ಮಾತಾಡಲ್ಲ" ಎಂದರು. ಎಲ್ಲರೂ ಹತ್ತಿರಕ್ಕೆ ಸರಿದು ಕೂತರು.