ಬೀಗ ಹಾಕಿದ ದೇವರ ಖೋಲಿ

ನಿಮಗೆ ಯಾರಿಗಾದರೂ ಹೀಗಾಗಿದೆಯಾ, ನಿಜ ಹೇಳಿ. ಮನೆ ನೋಡಿದ್ದೀರಿ, ಒಪ್ಪಿದ್ದೀರಿ, ಕರಾರು ಪತ್ರಕ್ಕೆ ಸಹಿಯೂ ಬಿದ್ದಿದೆ. ಆದರೆ ಆ ಮನೆ ನಿಮ್ಮದಾಗಬೇಕಾದರೆ ನೀವು ಮುಖವನ್ನೇ ನೋಡದ ಯಾರೋ ಒಬ್ಬಳು ಮೊದಲು ಹೆರಬೇಕು!

ನನಗಾಗಿದೆ. ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ನಾವು ಹದಿನಾರು ವರ್ಷ ಬಾಡಿಗೆಗಿದ್ದೆವು. ಕೆಲವು ತಿಂಗಳ ಹಿಂದೆ ಕಲಬುರಗಿಯಲ್ಲೇ ಒಬ್ಬ ನಿವೃತ್ತ ಮಾಸ್ತರರ ಮನೆ ಕೊಳ್ಳಲು ಸಿಕ್ಕಿತು. ಮಾಸ್ತರರು ಮಗಳಿರುವ ಕಮಲಾಪುರಕ್ಕೆ ಹೋಗುವವರು. ಅಲ್ಲಿ ಒಬ್ಬ ತೊಗರಿ ವ್ಯಾಪಾರಿಯ ಮನೆಗೆ ಮುಂಗಡ ಕೊಟ್ಟಿದ್ದರು. ಆ ವ್ಯಾಪಾರಿಯ ಮನೆಯವರು ಮಹಾಗಾಂವದಲ್ಲಿ ಕಟ್ಟಿಸಿದ ಹೊಸ ಮನೆಗೆ ಹೋಗುವವರು. ಅವರು ಎದ್ದರೆ ಮಾಸ್ತರರು ಏಳಬೇಕು, ಮಾಸ್ತರರು ಎದ್ದರೆ ನಾವು ಕೂರಬೇಕು. ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಇದರಲ್ಲಿ ಹೆದರುವುದೇನಿದೆ ಎಂದುಕೊಂಡು ನಮ್ಮ ಬಾಡಿಗೆ ಮನೆಯ ಮಾಲೀಕರಿಗೆ ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದುಬಿಟ್ಟೆ. ಅವರು ಅದೇ ವಾರ ಬೇರೆಯವರಿಗೆ ಮಾತು ಕೊಟ್ಟರು.

ಆಮೇಲೆ ಬಂತು ಮಾಸ್ತರರ ಫೋನು.

"ಅಕ್ಕಾರ, ಒಂದ್ ತ್ರಾಸ್ ಆಗ್ಯಾದ್ರೀ. ಕಮಲಾಪುರದವ್ರು ಈಗ ಮನಿ ಬಿಡಂಗಿಲ್ಲ ಅನ್ನಾಕತ್ತಾರ."

"ಯಾಕ್ರೀ ಮಾಸ್ತರ? ಅವ್ರ ಹೊಸಾ ಮನಿ ಮುಗದದ ಅಂದಿದ್ರಿ?"

"ಮನಿ ಮುಗದದ್ರೀ. ಸೊಸಿ ಬಸರದಾಳ. ಏಳ್ರಾಗ ಬಿದ್ದದಂತ."

ಅಷ್ಟೇ ಸಾಕಾಯಿತು, ನನಗೆ ಅರ್ಥವಾಯಿತು. ಬಸುರಿ ಇದ್ದ ಮನೆಯವರು ಮನೆ ಬದಲಿಸಬಾರದು. ನಮ್ಮ ಕಡೆ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ನಾನು ಬಸುರಿಯಾಗಿದ್ದಾಗ ನನ್ನ ಅತ್ತೆಯೂ ಹಾಗೇ ತಡೆದಿದ್ದರು. ಆಗ ನಾನು ಒಂದು ಮಾತೂ ಆಡಿರಲಿಲ್ಲ.

ಮನೆಯಲ್ಲಿ ಪಾತ್ರೆಪಗಡೆ ಆಗಲೇ ಡಬ್ಬಿಗಳಲ್ಲಿ. ಹೊಸದಾಗಿ ಬಾಡಿಗೆಗೆ ಬರುವ ಹೆಂಗಸು ಬಂದು, ನಾನು ಒಲೆ ಮುಂದೆ ನಿಂತಿರುವಾಗಲೇ ಕಿಟಕಿಗೆ ಟೇಪು ಹಿಡಿದು ಪರದೆಯ ಅಳತೆ ತೆಗೆದುಕೊಂಡು ಹೋದಳು. ನಮ್ಮೆಜಮಾನರಿಗೆ ಚೇಷ್ಟೆ. "ಸ್ಟೇಶನ್ ಹಂತೇಲೇ ಅದೀವಲ್ಲ, ಪ್ಲಾಟ್‌ಫಾರ್ಮಿನ ಮ್ಯಾಲ ಗ್ಯಾಸ್ ಹಚ್ಚಮು" ಅಂದರು. ನಾನು ನಗಲಿಲ್ಲ. ಅವರೂ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ಮಾಸ್ತರರನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದೆ.

ಆ ಮನೆಯ ಯಜಮಾನಿ, ಅಂದರೆ ಬಸುರಿಯ ಅತ್ತೆ, ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ನಿಮಗ ಮನಿ ಬೇಕು, ನಮಗ ಕೂಸು ಬೇಕು. ಎರಡ್ ತಿಂಗ್ಳು ಕಾಯಾಕ ಏನ್ರೀ ರೋಗ?"

"ಆಯಿ, ನಾವು ಬೀದಿಗೆ ಬೀಳ್ತೀವ್ರೀ."

"ಬೀದಿಗಿ ಬೀಳೋರ ಮಾರಿ ಇದಲ್ಲ ತಗೋ. ಇಸ್ತ್ರಿ ಸೀರಿ ಉಟಗೊಂಡು ಬಂದೀದಿ."

ಅಷ್ಟರಲ್ಲಿ ಸೊಸೆ ಚಹಾ ತಂದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ತವರಿನಲ್ಲಿ ತಾಯಿ ಇಲ್ಲ, ಬಾಣಂತನವೂ ಅತ್ತೆಮನೆಯಲ್ಲೇ ಎಂದು ಬಸ್ಸಿನಲ್ಲಿ ಮಾಸ್ತರರು ಹೇಳಿದ್ದರು. ನಾನು ಮಾಡಬಾರದ ಕೆಲಸ ಮಾಡಿದ್ದು ಆಗಲೇ. ಎಲ್ಲರ ಎದುರು ಅವಳನ್ನೇ ಕೇಳಿದೆ.

"ನೀನರ ಹೇಳವ್ವಾ ತಂಗಿ, ನಿಂಗೇನ್ ಅನಸ್ತದ? ಹೊಸಾ ಮನಿಗಿ ಹೋದ್ರ ಅಂಜಿಕಿ ಆಗ್ತದೇನು?"

ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನಂದೇನಿಲ್ರೀ ಅಕ್ಕಾರ" ಅಂದಳು.

ಕೈಯಲ್ಲಿ ಚಹಾದ ತಾಟು ಹಿಡಿದು ನಿಂತ ಏಳು ತಿಂಗಳ ಬಸುರಿ ಸೊಸೆ ಬಂದವರ ಮುಂದೆ ಇನ್ನೇನು ಹೇಳಿಯಾಳು? ನನಗದು ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. "ನೋಡ್ರಿ ಆಯಿ, ಅಕಿಗೇ ಅಂಜಿಕಿ ಇಲ್ಲ" ಅಂದೆ.

ಕೊನೆಗೆ ಅವರ ಮನೆತನದ ಗುರುಗಳಾದ ಅಯ್ಯನವರನ್ನು ಕೇಳಿದರು. ಅಯ್ಯನವರು ದಾರಿ ತೋರಿಸಿದರು. ಜನ ಹೋಗಲಿ, ಸಾಮಾನು ಹೋಗಲಿ, ದೇವರ ಜಗಲಿ, ಅಂದರೆ ಪೂಜೆಯ ದೇವರು, ಮಾತ್ರ ಹಳೆ ಮನೆಯಲ್ಲೇ ಇರಲಿ. ದೇವರು ಕದಲದಿದ್ದರೆ ಮನೆ ಬಿಟ್ಟ ಹಾಗಲ್ಲ, ಹೆರಿಗೆಯಾದ ಮೇಲೆ ಬಂದು ಒಯ್ಯಿರಿ ಎಂದರು. ಆಯಿ ಒಂದು ಕರಾರು ಹಾಕಿದರು. ಜಗಲಿ ಒಯ್ಯುವ ದಿನವೇ ಮನೆಯ ರಿಜಿಸ್ಟ್ರಿ. ಅಷ್ಟರೊಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ತಾವು ತಿರುಗಿ ಹಳೆ ಮನೆಗೇ ಬರುವವರು.

ಇದನ್ನು ಕೇಳಿದ ಮಾಸ್ತರರು ಸುಮ್ಮನಿರುತ್ತಾರೆಯೇ?

"ಹಂಗಾದ್ರ ನಂದೂ ಅದೇ ಲೆಕ್ಕ ನೋಡ್ರಿ ಅಕ್ಕಾರ. ನಮ್ಮ ದೇವ್ರೂ ನಿಮ್ಮಲ್ಲೇ ಇರ್ಲಿ. ಅವ್ರು ವಾಪಸ್ ಬಂದ್ರ ನಾ ಎಲ್ಲಿ ಹೋಗ್ಲಿ?"

ಒಪ್ಪದೆ ಇನ್ನೇನು ಮಾಡಲಿ? ಹೀಗೆ ಆಯಿಯವರು ಮಹಾಗಾಂವಕ್ಕೆ, ಮಾಸ್ತರರು ಆಯಿಯ ದೇವರಿರುವ ಮನೆಗೆ ಹೋದರು, ನಾವು ಮಾಸ್ತರರ ದೇವರಿರುವ ಮನೆಗೆ ಬಂದೆವು. ಹಾಲು ಉಕ್ಕಿಸಿದೆವು. ಅಡುಗೆಮನೆಯ ಪಕ್ಕದ ದೇವರ ಖೋಲಿಗೆ ಬೀಗ, ಬೀಗದ ಕೈ ಮಾಸ್ತರರ ಹತ್ತಿರ. ಇಷ್ಟು ದೊಡ್ಡ ಮನೆಯಲ್ಲಿ ನನಗೆ ಕಾಣುತ್ತಿದ್ದುದು ಆ ಬೀಗ ಒಂದೇ. ಸಂಜೆಗೊಂದು ದೀಪ ಅದರ ಹೊಸ್ತಿಲ ಹೊರಗಿಟ್ಟು ಕೈ ಮುಗಿಯುತ್ತಿದ್ದೆ. ಏನು ಬೇಡಿಕೊಳ್ಳುತ್ತಿದ್ದೆನೋ, ನನಗೇ ಸರಿಯಾಗಿ ತಿಳಿಯದು.

ಇಪ್ಪತ್ತು ದಿನ ಕಳೆದಿರಬಹುದು. ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದಾಗ ಮಾಸ್ತರರ ಫೋನು. ಈ ಸಲ ತ್ರಾಸು ಎನ್ನಲಿಲ್ಲ, ಅಕ್ಕಾರ ಎಂದೂ ಕರೆಯಲಿಲ್ಲ.

"ಆ ಬಸರಿ ಹುಡುಗಿಗಿ ರಕ್ತ ಹೋಗಾಕತ್ತದಂತ. ಕಲಬುರಗಿ ದವಾಖಾನಿಗಿ ತರಾಕತ್ತಾರ."

ತಟ್ಟಿದ ರೊಟ್ಟಿ ಹಂಚಿನ ಮೇಲೇ ಸುಟ್ಟಿತು. ನಿಮ್ಮ ಮುಂದೆ ಸುಳ್ಳೇಕೆ? ನನ್ನ ಕಣ್ಣೆದುರು ಮೊದಲು ಬಂದದ್ದು ಆ ಹುಡುಗಿಯಲ್ಲ. ಡಬ್ಬಿಗಳು. ಮತ್ತೆ ಕಟ್ಟಬೇಕಾದ ಡಬ್ಬಿಗಳು. ಆಮೇಲೆ ಅವಳ ಕೈಯಲ್ಲಿದ್ದ ಚಹಾದ ತಾಟು ನೆನಪಾಯಿತು.

ಆಟೋ ಹಿಡಿದು ದವಾಖಾನೆಗೆ ಓಡಿದೆ. ಬಾಗಿಲಲ್ಲಿ ಕೂತಿದ್ದ ಆಯಿ ನನ್ನನ್ನು ಕಂಡು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದು, ರಕ್ತ ನಿಂತಿದೆ, ಕೂಸಿನ ಎದೆಬಡಿತ ಕೇಳುತ್ತಿದೆ, ಆದರೆ ಹೆರುವ ತನಕ ಹಾಸಿಗೆ ಬಿಟ್ಟು ಏಳಬಾರದು ಎಂದರು. ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ನಾನೂ ಹೋದೆ. ಅವಳ ಕೈಗೆ ಸಲಾಯಿನ್ ಚುಚ್ಚಿತ್ತು, ತುಟಿ ಒಣಗಿತ್ತು. ನನ್ನನ್ನು ಗುರುತು ಹಿಡಿದಳು.

"ಅಕ್ಕಾರ, ಮನಿ ಸಲುವಾಗಿ ಬಂದೀರೇನ್ರೀ?"

ಕುಹಕವಿರಲಿಲ್ಲ. ಸುಮ್ಮನೆ ಕೇಳಿದಳು, ಅಷ್ಟೇ.

"ಅಂಜಬ್ಯಾಡ್ರಿ. ಮನ್ಯಾಗಿನವ್ರು ಹಳೀ ಮನಿಗಿ ವಾಪಸ್ ಹೋಗಮು ಅಂದ್ರೂ ನಾ ಒಲ್ಲೆ ಅಂತೀನಿ."

ಇಲ್ಲವ್ವಾ, ನಿನ್ನ ಸಲುವಾಗಿ ಬಂದೆ ಅನ್ನಬೇಕಿತ್ತು. ಅವಳ ಕಾಲಮೇಲಿನ ಚಾದರ ಸರಿಮಾಡಿ ಹೊರಗೆ ಬಂದೆ.

ಈಗ ಅವಳಿಗೆ ಒಂಬತ್ತು ತಿಂಗಳು ನಡೆಯುತ್ತಿದೆ. ಮಹಾಗಾಂವದ ಮನೆಯಲ್ಲಿ ಮಲಗಿದ್ದಾಳೆ. ಮಾಸ್ತರರ ನಂಬರು ಕಂಡರೆ ಈಗಲೂ ಎತ್ತಲು ನನಗೆ ಕೈ ಬರುವುದಿಲ್ಲ, ಯಜಮಾನರಿಗೆ ಕೊಡುತ್ತೇನೆ. ಡಬ್ಬಿಗಳಲ್ಲಿ ಅರ್ಧ ಇನ್ನೂ ಬಿಚ್ಚಿಲ್ಲ. ಖೋಲಿಯ ಬೀಗ ಹಾಗೇ ಇದೆ. ಆದರೆ ಸಂಜೆ ದೀಪ ಇಡುವಾಗ ಈಗ ಮನೆಯ ಮಾತು ಎತ್ತುವುದಿಲ್ಲ. ಆ ಹುಡುಗಿ ಎದ್ದು ಓಡಾಡಲಿ ಎನ್ನುತ್ತೇನೆ. ಮನೆಯ ಆಸೆಗೇ ಹಾಗೆನ್ನುತ್ತಿದ್ದೇನೋ ಏನೋ ಎಂದು ಅಲ್ಲೇ ಅನುಮಾನ ಬರುತ್ತದೆ.

ನಿಮ್ಮ ಮನೆಯೂ ಹೀಗೆ ಇನ್ನೊಬ್ಬರ ಹೊಸ್ತಿಲಿಗೆ ಕಟ್ಟಿಬಿದ್ದದ್ದಿದೆಯೇ? ಆಗ ನೀವು ಯಾರನ್ನು ಒತ್ತಾಯ ಮಾಡಿದಿರಿ, ನಿಮ್ಮನ್ನು ಯಾರು ಮಾಡಿದರು? ಕೆಳಗೆ ಬರೆಯಿರಿ. ಚೆನ್ನಾಗಿ ಕಾಣುವ ಹಾಗೆ ತಿದ್ದಬೇಡಿ, ಆದದ್ದನ್ನು ಆದ ಹಾಗೇ ಬರೆಯಿರಿ. ನನಗೆ ಓದಬೇಕಾಗಿದೆ.